ಕೊನೆಯ ತೊಟ್ಟಿಯ ಮೀನುಗಳು

ಹೊಸ ಗಾಜಿನ ತೊಟ್ಟಿಗೆ ಒಂದು ಹುಳಿ ವಾಸನೆ ಇರುತ್ತದೆ. ಗಾಜಿಗೆ ಗಾಜು ಕೂಡಿಸಿದ ಸಿಲಿಕೋನ್ ಅಂಟು ಪೂರ್ತಿ ಒಣಗುವವರೆಗೂ ವಿನೆಗರ್ ಬಾಟಲಿಯ ಮುಚ್ಚಳ ತೆಗೆದ ಹಾಗೆ ಮೂಗಿಗೆ ಬಡಿಯುತ್ತಿರುತ್ತದೆ. ಕಳೆದ ತಿಂಗಳು ನನ್ನ ಗಂಡ ಮಾರತ್ತಹಳ್ಳಿಯ ಅಂಗಡಿಯಿಂದ ಎರಡಡಿ ಉದ್ದದ ಅಕ್ವೇರಿಯಂ ತಂದು ದೊಡ್ಡನೆಕ್ಕುಂದಿಯ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿಟ್ಟಾಗ ನಾನು ಅಡುಗೆಮನೆಯಲ್ಲಿದ್ದೆ. ವಾಸನೆ ಅಲ್ಲಿಗೇ ಬಂತು. ಸಾರು ಕುದಿಯುತ್ತಿದ್ದುದನ್ನೂ ಮರೆತು ನಿಂತುಬಿಟ್ಟೆ.

ಹಾಲ್‌ಗೆ ಬಂದರೆ ಗಂಡನ ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಕವರು, ಅದರೊಳಗೆ ಹನ್ನೆರಡು ಮೀನು. ಇವತ್ತೇ ಬಿಡಬಹುದು ಎಂದು ಅಂಗಡಿಯವನು ಹೇಳಿದ್ದನಂತೆ. "ಇವತ್ತು ಬೇಡ. ವಾಪಸ್ ಕೊಟ್ಟು ಬನ್ನಿ. ನೀರು ತಯಾರಾಗೋಕೆ ಮೂರು ವಾರ ಬೇಕು" ಎಂದೆ. ನೀರು ತಯಾರಾಗುವುದು ಎಂದರೇನು ಎಂದು ಅವರು ನನ್ನ ಮುಖ ನೋಡಿದರು. ದಾವಣಗೆರೆಯಿಂದ ಬಂದು ನಮ್ಮ ಜೊತೆಗಿರುವ ಅತ್ತೆ, ಮನೆಯಲ್ಲಿ ಮೀನು ಇಡುವುದೇ ಬೇಡ ಎಂದು ಬೆಳಗಿನಿಂದ ಮುನಿಸಿಕೊಂಡಿದ್ದವರು, ಅವರೂ ನೋಡಿದರು. ನನಗೆ ಇದೆಲ್ಲ ಗೊತ್ತು ಎಂಬುದೇ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನಗೆ ಕಲಿಸಿದವರು ಒಬ್ಬ ಅಣ್ಣ. ಒಡಹುಟ್ಟಿದವರಲ್ಲ.

ಬಿಎಸ್ಸಿ ಮುಗಿಸಿ ಚಿತ್ರದುರ್ಗದಿಂದ ಬಂದವಳಿಗೆ ಮೊದಲ ಕೆಲಸ ಸಿಕ್ಕಿದ್ದು ಪೀಣ್ಯದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ. ಸ್ಕೂಟರಿನ ಭಾಗಗಳಿಗೆ, ಬಚ್ಚಲಮನೆಯ ನಲ್ಲಿಗಳಿಗೆ ಕ್ರೋಮ್ ಹೊಳಪು ಕೊಡುವ ಕಾರ್ಖಾನೆ ಅದು. ಹೊಳಪು ಕೊಟ್ಟ ಮೇಲೆ ಉಳಿಯುವ ನೀರು ವಿಷ. ಅದನ್ನು ಶುದ್ಧ ಮಾಡಿಯೇ ಹೊರಗೆ ಬಿಡಬೇಕು. ಶೆಡ್ಡಿನ ಹಿಂದೆ ಸಾಲಾಗಿ ಸಿಮೆಂಟಿನ ತೊಟ್ಟಿಗಳಿದ್ದವು. ಒಂದರಿಂದ ಒಂದಕ್ಕೆ ಹರಿದು ತಿಳಿಯಾಗುತ್ತ ಬಂದ ನೀರು ಕಡೆಗೆ ಒಂದು ಗಾಜಿನ ತೊಟ್ಟಿಗೆ ಬೀಳುತ್ತಿತ್ತು. ಅದರಲ್ಲಿ ಗಪ್ಪಿ ಮೀನುಗಳು. ನೀರು ನಿಜಕ್ಕೂ ಶುದ್ಧವಾಗಿದೆ ಎನ್ನುವುದಕ್ಕೆ ಅವೇ ಸಾಕ್ಷಿ. ತಪಾಸಣೆಗೆ ಬಂದ ಅಧಿಕಾರಿಗಳು ಮೊದಲು ಬಗ್ಗಿ ನೋಡುತ್ತಿದ್ದುದು ಆ ತೊಟ್ಟಿಯನ್ನೇ.

ನೀರು ಶುದ್ಧ ಮಾಡುವ ಆ ಪ್ಲಾಂಟು ನೋಡಿಕೊಳ್ಳುತ್ತಿದ್ದವರು ಅಣ್ಣ. ಕೊಪ್ಪಳದ ಕಡೆಯವರು. ತುಂಗಭದ್ರೆಯಲ್ಲಿ ಬಲೆ ಬೀಸಿ ಬದುಕಿದ ಮನೆತನ. ಗುತ್ತಿಗೆಯ ನೌಕರಿ, ಮಾಸಿದ ಖಾಕಿ ಶರ್ಟು, ಸುಣ್ಣದ ಪುಡಿಯಿಂದ ಬಿರುಕುಬಿಟ್ಟ ಬೆರಳು. ಬೆಳಗ್ಗೆ ಬಂದವರು ಊಟದ ಡಬ್ಬಿ ಕೆಳಗಿಡುವ ಮೊದಲೇ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೀನುಗಳನ್ನು ನೋಡುತ್ತಿದ್ದರು. ಆ ತೊಟ್ಟಿಯನ್ನು ಅವರೇ ಗಾಜು ಕೊಯ್ದು, ಅಂಟು ಹಾಕಿ ಮಾಡಿದ್ದು. ನಾನು ಮಾದರಿ ನೀರು ಹಿಡಿಯಲು ಶೀಷೆ ತಗೊಂಡು ಹೋದರೆ ನಗುತ್ತಿದ್ದರು. "ನಿಮ್ಮ ಮೀಟರ್ ಒಮ್ಮೊಮ್ಮೆ ಕೆಡತೈತ್ರಿ ಮೇಡಂ. ಇವು ಕೆಡೂದಿಲ್ಲ. ಸಾಯತಾವು, ಇಲ್ಲಾ ಬದುಕತಾವು."

ನಾನಾಗ ದಾಸರಹಳ್ಳಿಯಲ್ಲಿ ಒಂದು ಸಣ್ಣ ರೂಮಿನಲ್ಲಿದ್ದೆ. ಮಾತಾಡಲು ಯಾರೂ ಇರಲಿಲ್ಲ. ಒಂದು ಸಂಜೆ ಸುಮ್ಮನೆ, "ಅಣ್ಣ, ನನ್ನ ರೂಮಲ್ಲೂ ಒಂದು ಇಟ್ಕೋಬಹುದಾ?" ಎಂದು ಕೇಳಿದೆ. ಮುಂದಿನ ವಾರ ಅವರು ಉಳಿದ ಗಾಜಿನ ತುಂಡುಗಳಲ್ಲಿ ಒಂದೂವರೆ ಅಡಿಯ ತೊಟ್ಟಿ ಮಾಡಿ, ಗೋಣಿಚೀಲ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಆವತ್ತು ರೂಮಿನ ತುಂಬ ಇದೇ ಹುಳಿ ವಾಸನೆ...

ಅಂಟು ಒಣಗಲು ಎರಡು ದಿನ. ಆಮೇಲೆ ನೀರು ತುಂಬಿ ಎಲ್ಲಾದರೂ ಸೋರುತ್ತದೆಯೇ ಎಂದು ಇನ್ನೊಂದು ದಿನ ಕಾದೆವು. ಮರಳನ್ನು ಬಕೆಟ್ಟಿನಲ್ಲಿ ಹಾಕಿ, ತೊಳೆದ ನೀರು ತಿಳಿಯಾಗುವವರೆಗೆ ನನ್ನ ಕೈಯಲ್ಲೇ ತೊಳೆಸಿದರು. ನಲ್ಲಿ ನೀರನ್ನು ಹಿಂದಿನ ದಿನವೇ ಹಿಡಿದು ಬಾಯಿ ತೆರೆದಿಡಬೇಕು, ಕ್ಲೋರಿನ್ ಹೋಗಬೇಕು ಎಂದರು. ಗಾಳಿಯ ಪಂಪು, ಸ್ಪಂಜಿನ ಫಿಲ್ಟರು ಕೂಡಿಸಿದರು. ಎಲ್ಲ ಆಯಿತು, ಇನ್ನು ಮೀನು ಎಂದು ನಾನು ಕಾಯುತ್ತಿದ್ದರೆ, ತಮ್ಮ ಮನೆಯ ತೊಟ್ಟಿಯಿಂದ ತಂದ ಹಳೇ ಸ್ಪಂಜನ್ನು ನನ್ನ ತೊಟ್ಟಿಯಲ್ಲಿ ಹಿಂಡಿದರು. ತಿಳಿನೀರು ಕಂದಾಗಿ ಕದಡಿತು. ನನಗೆ ಅಳು ಬರುವುದೊಂದು ಬಾಕಿ.

"ಹಾಲಿಗೆ ಹೆಪ್ಪು ಹಾಕೂದಿಲ್ಲೇನ್ರಿ? ಇದೂ ಹಂಗ. ಮೀನಿನ ಹೇಲು ತಿನ್ನೂ ಹುಳ ಇದರಾಗ ಅದಾವ, ಕಣ್ಣಿಗೆ ಕಾಣೂದಿಲ್ಲ. ಅವು ಬೆಳೀಲಿ. ಅಲ್ಲೀತನಕ ಖಾಲಿ ನೀರು ನೋಡಕೋತ ಕುಂದರ್ರಿ."

ಮೂರು ವಾರ ಖಾಲಿ ನೀರು ನೋಡಿದೆ. ಆ ಹುಳಗಳಿಗೆಂದು ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುವುದು, ಲ್ಯಾಬಿಗೆ ಒಂದು ಶೀಷೆ ನೀರು ತಂದು ಮೀನಿಗೆ ವಿಷವಾಗುವ ಅಮೋನಿಯಾ ಎಷ್ಟಿದೆ ಎಂದು ನೋಡುವುದು. ಏರಿ, ಇಳಿದು, ಒಂದು ದಿನ ಸೊನ್ನೆಗೆ ಬಂತು. ಅಣ್ಣನಿಗೆ ತೋರಿಸಿದೆ. ಮರುದಿನ ಮೂರೇ ಮೂರು ಗಪ್ಪಿ ತಂದುಕೊಟ್ಟರು, ಒಂದು ಗಂಡು, ಎರಡು ಹೆಣ್ಣು. ಹತ್ತು ದಿನ ಬಿಟ್ಟು ಇನ್ನು ಮೂರು. ಒಟ್ಟಿಗೆ ಬಿಟ್ಟರೆ ನೀರು ತಡೆಯುವುದಿಲ್ಲ ಎಂದು. ತಿಂಗಳೊಪ್ಪತ್ತಿನಲ್ಲಿ ಮರಿಗಳಾದವು. ತೊಟ್ಟಿಯ ನೀರುಸೊಪ್ಪಿನ ಸಂದಿಯಲ್ಲಿ ಕಣ್ಣು ಮಾತ್ರ ಕಾಣುವ ಮರಿಗಳು. ಓಡಿಹೋಗಿ ಹೇಳಿದೆ. "ನೋಡ್ ತಂಗಿ, ಇನ್ನ ನೀರು ನಿನ್ನ ಮಾತು ಕೇಳತೈತಿ" ಎಂದರು. ಮೇಡಂ ಹೋಗಿ ತಂಗಿ ಬಂದದ್ದು ಆವತ್ತು. ಆಮೇಲೆ ಅವರ ಮನೆಯ ಜೋಳದ ರೊಟ್ಟಿಯಲ್ಲಿ ಎರಡು ನನ್ನ ಪಾಲಿಗೂ ಬರತೊಡಗಿದವು.

ಎರಡು ವರ್ಷ ಹೀಗೇ ಕಳೆಯಿತು.

ಒಂದು ಸೋಮವಾರ ಬೆಳಗ್ಗೆ ಹೋದರೆ ಅಣ್ಣ ಗಾಜಿನ ತೊಟ್ಟಿಯ ಮುಂದೆ ಕೂತಿದ್ದರು. ಡಬ್ಬಿ ಇನ್ನೂ ಕೈಯಲ್ಲೇ ಇತ್ತು. ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮರಿಗಳು ತೊಟ್ಟಿಯ ಮೂಲೆಯಲ್ಲಿ ಅಕ್ಕಿನುಚ್ಚಿನ ಹಾಗೆ ಬಂದು ಸೇರಿದ್ದವು. ನಾನು ನೀರು ಹಿಡಿದು ಲ್ಯಾಬಿಗೆ ಓಡಿದೆ. ಅದಕ್ಕೆಂದೇ ಇರುವ ಔಷಧಿ ಎರಡು ಹನಿ ಬಿಟ್ಟರೆ ಕ್ರೋಮ್ ಇರುವ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆವತ್ತು ತಿರುಗಿದ ನೇರಳೆಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಭಾನುವಾರ ರಜೆಯಲ್ಲಿ, ಅಣ್ಣನಿಗೆ ತಿಳಿಸದೆ, ಹಳೆಯ ಕ್ರೋಮ್ ದ್ರಾವಣವನ್ನು ಯಾರೋ ನೇರವಾಗಿ ಗಾಜಿನ ತೊಟ್ಟಿಗೆ ಬೀಳುವ ಕೊನೆಯ ಕಾಲುವೆಗೆ ಬಿಟ್ಟಿದ್ದರು. ಅದು ಮೋರಿ ಸೇರಿ ಹೋಗಿಯೂ ಆಗಿತ್ತು.

ಆವತ್ತೇ ಮಧ್ಯಾಹ್ನ ತಪಾಸಣೆ ಇತ್ತು. ಮ್ಯಾನೇಜರು ನನ್ನನ್ನು ಕರೆದರು. ಗದರಿಸಲಿಲ್ಲ. ಅದೇ ಕಷ್ಟವಾಯಿತು. "ನೋಡಮ್ಮ, ಆಗಿದ್ದು ಆಗೋಯ್ತು. ಫ್ಯಾಕ್ಟ್ರಿ ಮುಚ್ಚಿದ್ರೆ ಇಷ್ಟು ಜನ ಎಲ್ಲಿಗೆ ಹೋಗ್ತಾರೆ? ತೊಟ್ಟಿ ತೊಳ್ಸಿ ಬೋರ್ ನೀರು ಬಿಡಿಸ್ತೀನಿ. ಟೆಸ್ಟ್ ರಿಜಿಸ್ಟರಲ್ಲಿ ಕ್ರೋಮ್ ನಿಲ್ ಅಂತ ಹಾಕ್ಬಿಡು. ನಿನ್ ರೂಮಲ್ಲಿ ಮೀನಿದೆಯಂತಲ್ಲ, ಒಂದಷ್ಟು ತಗೊಂಡ್ಬಾ."

ಆಗುವುದಿಲ್ಲ ಎನ್ನಬಹುದಿತ್ತು. ನನ್ನ ವಯಸ್ಸು ಇಪ್ಪತ್ತನಾಲ್ಕು, ಊರಲ್ಲಿ ತಂಗಿಯ ಓದು ನನ್ನ ಸಂಬಳದಲ್ಲಿ ನಡೆಯುತ್ತಿತ್ತು... ಇವೆಲ್ಲ ನಿಜ. ಆದರೆ ಆ ಹೊತ್ತಿನಲ್ಲಿ ಇದ್ಯಾವುದೂ ನನ್ನ ತಲೆಯಲ್ಲಿ ಇರಲಿಲ್ಲ. ಹೆದರಿದ್ದೆ, ಅಷ್ಟೇ. ರಿಜಿಸ್ಟರಿನಲ್ಲಿ ನಿಲ್ ಎಂದು ಬರೆದೆ. ಆಟೋದಲ್ಲಿ ರೂಮಿಗೆ ಹೋಗಿ, ಅಣ್ಣ ಕೊಟ್ಟ ಮೀನುಗಳ ಮಕ್ಕಳು ಮೊಮ್ಮಕ್ಕಳನ್ನು ಬಲೆಯಲ್ಲಿ ಹಿಡಿದು ಕವರಿಗೆ ತುಂಬಿಕೊಂಡು ಬಂದೆ.

ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಮೀನುಗಳನ್ನು ನೇರವಾಗಿ ಸುರಿಯಲು ಹೋದೆ. ದೂರದಲ್ಲಿ ನಿಂತಿದ್ದ ಅಣ್ಣ ಬಂದು ಕವರನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಯಿ ಕಟ್ಟಿ, ನೀರಿನ ಮೇಲೆ ತೇಲಿಬಿಟ್ಟರು. "ಒಮ್ಮಿಗೇ ಬಿಡಬ್ಯಾಡ್ರಿ. ಹೊಸಾ ನೀರಿಗೆ ಹೊಂದಿಕೊಳ್ಳಲಿ. ನಮ್ಮ ಸುಳ್ಳು, ನಮ್ಮ ಭಾನಗಡಿ ಅವಕ್ಕೇನ್ ಗೊತ್ತೈತಿ" ಎಂದರು. ನನ್ನ ಮುಖ ನೋಡಲಿಲ್ಲ.

ಅಧಿಕಾರಿ ಬಂದರು. ಬಗ್ಗಿ ತೊಟ್ಟಿ ನೋಡಿದರು. "ಚೆನ್ನಾಗಿವೆಯಲ್ಲ. ಎಷ್ಟು ದಿನ ಆಯ್ತು ಬಿಟ್ಟು?" ಎಂದು ಅಣ್ಣನನ್ನು ಕೇಳಿದರು. ಮ್ಯಾನೇಜರು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿಬಿಟ್ಟರು.

"ಇವತ್ತ ಬಿಟ್ಟೀವ್ರಿ ಸಾಹೇಬ್ರ. ಮೊದಲಿದ್ದೂವು ಮುಂಜಾನಿಗೆ ಸತ್ತಿದ್ದೂವು. ನೀರಿನ್ಯಾಗ ಕ್ರೋಮ್ ಇತ್ತು."

ಅಧಿಕಾರಿ ನನ್ನ ಕಡೆ ತಿರುಗಿದರು. "ಹೌದೇನಮ್ಮ?"

ಅಣ್ಣನೂ ನನ್ನನ್ನು ನೋಡಿದರು. ಬೇಡಿಕೊಳ್ಳುವ ನೋಟವಲ್ಲ ಅದು. ನಾನು ಹೌದು ಎನ್ನುತ್ತೇನೆ ಎಂದು ನಂಬಿಯೇ ನೋಡಿದರು. ನಾನು ರಿಜಿಸ್ಟರು ತೆರೆದು ತೋರಿಸಿದೆ. "ಬೆಳಗ್ಗೆ ನಾನೇ ನೋಡಿದ್ದು ಸಾರ್. ನೀರು ಸರಿಯಾಗಿತ್ತು" ಎಂದೆ.

ಅಧಿಕಾರಿ ತೊಟ್ಟಿಯ ನೀರನ್ನೇ ಒಂದು ಶೀಷೆ ತುಂಬಿಸಿಕೊಂಡು, ಸಹಿ ಹಾಕಿ ಹೋದರು. ಬೋರ್‌ವೆಲ್ಲಿನ ನೀರಿನಲ್ಲಿ ಏನು ಸಿಕ್ಕೀತು?

ಶನಿವಾರ ಗುತ್ತಿಗೆದಾರ ಅಣ್ಣನನ್ನು ಕರೆದು, ಸೋಮವಾರದಿಂದ ಬರಬೇಡ ಎಂದ. ಹೋಗುವ ಮುನ್ನ ಅವರು ಲ್ಯಾಬಿನ ಬಾಗಿಲಿಗೆ ಬಂದರು, ಒಳಗೆ ಬರಲಿಲ್ಲ. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಆ ಮೀನು ತೊಟ್ಟ್ಯಾಗ ಇರಲಿ, ಬ್ಯಾರೆ ಕಡೆ ಒಯ್ಯಬ್ಯಾಡ್ರಿ. ಬೋರಿನ ನೀರು ಗಡಸು, ವಾರಕ್ಕೊಮ್ಮೆ ಅರ್ಧ ಬದಲಿಸಾಕ ಹೇಳ್ರಿ ಮೇಡಂ" ಎಂದು ಹೇಳಿ ಹೊರಟರು.

ಮತ್ತೆ ಮೇಡಂ.

ನಾನು ಅಲ್ಲೇ ಇನ್ನೂ ಎರಡು ವರ್ಷ ಕೆಲಸ ಮಾಡಿದೆ. ರೂಮಿನ ತೊಟ್ಟಿಯನ್ನು ಓನರ್ ಮನೆಯವರಿಗೆ ಕೊಟ್ಟುಬಿಟ್ಟೆ. ಮದುವೆಯಾಯಿತು, ಕೆಲಸ ಬದಲಾಯಿತು. ಅಣ್ಣ ಚಂದಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ನೀರಿನ ಪ್ಲಾಂಟು ನೋಡಿಕೊಳ್ಳುತ್ತಿದ್ದಾರೆ ಎಂದು ಹಳೆಯ ಸಹೋದ್ಯೋಗಿ ಹೇಳಿ, ಮನೆಯ ವಿಳಾಸ ಕೊಟ್ಟಳು. ಹೋಗಬೇಕು ಎಂದುಕೊಳ್ಳುತ್ತಲೇ ವರ್ಷಗಳಾದವು. ಕೊನೆಗೆ ಹೋದಾಗ ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಕಿಡ್ನಿ ಕೆಟ್ಟಿತ್ತಂತೆ. ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ಚಹಾ ಕೊಟ್ಟರು. ಪೀಣ್ಯದ ಲ್ಯಾಬಿನವಳು ಎಂದೆ. ಅವರ ಮುಖ ಅರಳಿತು.

"ನಿಮ್ಮ ಸುದ್ದಿ ಹೇಳತಿದ್ರು. ಭಾಳ ಶಾಣ್ಯಾ ಮೇಡಂ ಅಂತ. ಅಲ್ಲೆ ಕಾಂಟ್ರಾಕ್ಟ್ ಮುಗೀತಂತ, ಅದಕ್ಕ ಇಲ್ಲಿಗೆ ಬಂದ್ವಿ."

ಕೆಲಸ ಹೋದದ್ದು ಹೇಗೆ ಎಂಬುದನ್ನು ಅಣ್ಣ ಮನೆಯಲ್ಲಿ ಹೇಳಿಯೇ ಇರಲಿಲ್ಲ. ನಾನಾದರೂ ಹೇಳಬೇಕಿತ್ತು. ಅದಕ್ಕೆಂದೇ ಹೋದವಳು, ಚಹಾ ಕುಡಿದು, ಎದ್ದು ಬಂದೆ.

ಕಳೆದ ತಿಂಗಳು ಗಂಡ ಮೀನು ವಾಪಸ್ ಕೊಟ್ಟು ಬಂದು, ನಮ್ಮ ಹಾಲ್‌ನಲ್ಲಿ ತೊಟ್ಟಿಗೆ ನೀರು ತುಂಬಿ ಫಿಲ್ಟರು ಹಾಕಿದ ಮೇಲೆ, ದಿನವೂ ಸಂಜೆ ಅದರ ಮುಂದೆ ಕೂರುತ್ತಿದ್ದೆ. ಒಂದು ದಿನ ಅತ್ತೆ ಪೂಜೆ ಮುಗಿಸಿ ಬಂದವರು, "ಅಲ್ಲವ್ವಾ, ಖಾಲಿ ನೀರಾಗೆ ಏನು ಕಾಣ್ತದೆ ನಿನಗೆ?" ಎಂದು ಕೇಳಿದರು. ಯಾಕೋ ಎಲ್ಲವನ್ನೂ ಹೇಳಿಬಿಟ್ಟೆ. ಗಂಡನಿಗೂ ಹೇಳದೇ ಇದ್ದದ್ದನ್ನು. ಅತ್ತೆ ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ.

"ಆ ಹೆಣ್ಮಗಳು ಇದಾಳಲ್ಲ. ಆಕೆಗೆ ಹೇಳಿ ಬಾ" ಎಂದರು.

ಕಳೆದ ಭಾನುವಾರ ಚಂದಾಪುರಕ್ಕೆ ಹೋದೆ. ಆ ಮನೆಯಲ್ಲಿ ಬೇರೆಯವರಿದ್ದರು, ಒಡಿಶಾ ಕಡೆಯ ಹುಡುಗರು. ಮನೆಯ ಮಾಲೀಕರಿಗೆ ಅಣ್ಣನ ಹೆಂಡತಿ ಎಲ್ಲಿಗೆ ಹೋದರೆಂದು ಗೊತ್ತಿಲ್ಲ. "ಊರಿಗೆ ಹೋದ್ರು ಅನ್ಸುತ್ತೆ ಮೇಡಂ, ಫೋನ್ ನಂಬರೂ ಇಲ್ಲ" ಎಂದರು. ಕೊಪ್ಪಳದ ಕಡೆಯ ಯಾವ ಊರು ಎಂದು ಎರಡು ವರ್ಷ ಜೊತೆಗಿದ್ದರೂ ನಾನು ಕೇಳಿರಲೇ ಇಲ್ಲ.

ವಾಪಸ್ ಬಂದಾಗ ಅತ್ತೆ, "ಸಿಕ್ಕಳಾ?" ಎಂದರು. ಇಲ್ಲ ಎಂದೆ. ನಮ್ಮ ತೊಟ್ಟಿಯ ನೀರು ತಯಾರಾಗಿ ವಾರವಾಯಿತು, ಮೀನು ತರಲು ಇನ್ನೂ ಮನಸ್ಸು ಬಂದಿಲ್ಲ.

ಹೇಳಬೇಕಾದವರು ಒಬ್ಬರು ತೀರಿಹೋದರು, ಇನ್ನೊಬ್ಬರು ಸಿಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆ ಸೋಮವಾರ ನೀರು ಸರಿಯಾಗಿರಲಿಲ್ಲ. ಅಣ್ಣ ಹೇಳಿದ್ದು ನಿಜ.