ಅಪ್ಪನ ಕೈ ಆಡಿದ ಹನ್ನೊಂದು ನಿಮಿಷ

ಇಂಥದ್ದನ್ನು ಬೇರೆಯವರು ಹೇಳಿದಾಗ ನಾನು ನಂಬುತ್ತಿರಲಿಲ್ಲ. ಗಂಟೆ ಎಷ್ಟಾಗಿತ್ತು, ಎದುರಿಗೆ ಯಾರಿದ್ದರು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನ ದಿನಚರಿಯಲ್ಲೇ ಅಂಥ ಒಂದು ಪುಟವಿದೆ. ಗಂಟೆಯೂ ಇದೆ, ಎದುರಿಗೆ ನಾನೇ ಇದ್ದೆ.

ಅಪ್ಪ ದಾವಣಗೆರೆಯ ಕರೂರಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆಗಿದ್ದರು. ಬಲಗೈಯಿಂದ ಸ್ಪ್ಯಾನರ್ ಜಾರತೊಡಗಿದಾಗ ಸುಸ್ತು ಎಂದುಕೊಂಡೆವು. ಡಾಕ್ಟರು ಎ.ಎಲ್.ಎಸ್. ಎಂದರು, ಸ್ನಾಯುಗಳನ್ನು ಆಡಿಸುವ ನರಗಳು ಸಾಯುತ್ತ ಹೋಗುವ ಕಾಯಿಲೆ. ಅಂದಿನಿಂದ ದಿನವೂ ಬರೆದಿಟ್ಟೆ: ಅಪ್ಪ ತಾವೇ ಹಾಕಿಕೊಂಡ ಅಂಗಿಯ ಗುಂಡಿಗಳೆಷ್ಟು, ಒಂದೇ ಉಸಿರಿಗೆ ಎಷ್ಟರವರೆಗೆ ಎಣಿಸಿದರು. ಏಳನೇ ತಿಂಗಳಿಗೆ ಗುಂಡಿ ಸೊನ್ನೆಗೆ ಬಂತು. ಎಣಿಕೆ ಮಾತ್ರ ಹದಿನಾಲ್ಕನೇ ತಿಂಗಳಲ್ಲೂ ಮೂವತ್ತು ದಾಟುತ್ತಿತ್ತು. ಮಾತು ಸ್ಪಷ್ಟವಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದವರು ಹರಿಹರದ ಪಕ್ಕದ ಗುತ್ತೂರಿನ ದರ್ಜಿ ರಹಮತ್ ಚಾಚಾ. ಅದೇ ಕಾಯಿಲೆ, ಆದರೆ ಅವರಿಗೆ ನಾಲಿಗೆಯಿಂದ ಶುರುವಾಗಿತ್ತು. ಮಾತು ಹೋಗಿ ಬರೀ ಗೊಗ್ಗರು ದನಿ ಉಳಿದಿತ್ತು; ಕೈ ಮಾತ್ರ ಮೊದಲಿನಂತೆಯೇ ಕತ್ತರಿ ಆಡಿಸುತ್ತಿತ್ತು. “ನಿಮ್ಮ ಕೈ, ನನ್ನ ಬಾಯಿ. ಇಬ್ರಿಗೂ ಸೇರಿ ಒಂದೇ ಆಧಾರ್ ಕಾರ್ಡ್ ಸಾಕು ಬಿಡ್ರಿ,” ಎಂದರು ಅಪ್ಪ.

ಭಾನುವಾರ ಅಪ್ಪನನ್ನು ಗುತ್ತೂರಿಗೆ ಕರೆದೊಯ್ಯುವುದು ರೂಢಿಯಾಯಿತು. ಚಾಚಾ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆಯಿಂದ ತುಂಡುಬಟ್ಟೆಯ ಮೇಲೆ ಬರೆಯುತ್ತಿದ್ದರು, ಅಪ್ಪ ಗಿರಾಕಿಗೆ ಓದಿ ಹೇಳುತ್ತಿದ್ದರು. “ಸೊಂಟ ಎರಡಿಂಚು ಬಿಡ್ಬೇಕಂತೆ. ಊಟ ಕಮ್ಮಿ ಮಾಡು ಅಂತನೂ ಬರ್ದಾರೆ ನೋಡಪ್ಪ.” ಬರೆಯದ್ದನ್ನು ಸೇರಿಸಿದ್ದಕ್ಕೆ ಚಾಚಾ ಭುಜ ಕುಲುಕಿಸಿ ನಗುತ್ತಿದ್ದರು.

ಒಂದು ಭಾನುವಾರ ಅವರ ಮಗಳು ಶಬಾನಾ ನನ್ನನ್ನು ಪಕ್ಕಕ್ಕೆ ಕರೆದಳು. “ಅಕ್ಕಾ, ನನ್ನ ನಿಕಾಹ್ ರಂಜಾನ್ ಆದ್ಮೇಲೆ ಐತೆ. ಮುಂಚೆನೇ ಮಾಡಿಸ್ಲೇನು? ಅಬ್ಬಾ ಅಲ್ಲೀತನಕ ಇರ್ತಾರಾ?” ನಾನು ದಿನಚರಿ ತೆಗೆದು ಅಪ್ಪನ ಅಂಕಿಗಳನ್ನು ತೋರಿಸಿದೆ. “ಅವಸರ ಬ್ಯಾಡ. ಅಪ್ಪಂಗೆ ಹದಿನಾಲ್ಕು ತಿಂಗಳಾತು, ಉಸಿರು ಗಟ್ಟಿ ಐತೆ. ಚಾಚಾಗೆ ಶುರುವಾಗಿ ಇನ್ನೂ ಎಂಟೇ.” ಎಲ್ಲರಲ್ಲೂ ಇದು ಒಂದೇ ದಾರಿಯಲ್ಲಿ ಹೋಗುವುದಿಲ್ಲ, ನಾಲಿಗೆಯಿಂದ ಶುರುವಾದವರಿಗೆ ನುಂಗುವುದೂ ಉಸಿರಾಡುವುದೂ ಬೇಗ ಕಷ್ಟವಾಗಬಹುದು ಎಂಬುದು ನನಗೆ ಗೊತ್ತಿರಲಿಲ್ಲ. ಡಾಕ್ಟರನ್ನು ಕೇಳಬಹುದಿತ್ತು, ಕೇಳಲಿಲ್ಲ. ಶಬಾನಾ ನನ್ನ ಅಂಕಿಗಳನ್ನು ನಂಬಿದಳು.

ಮುಂದಿನ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಮೂರು ಹತ್ತಕ್ಕೆ, ಮಲಗಿದ್ದ ಅಪ್ಪನ ಕೋಣೆಯಿಂದ ಶಬ್ದ ಬಂತು. ಹೋಗಿ ನೋಡಿದೆ. ಅಪ್ಪನ ಬಾಯಿಂದ ಹೊರಡುತ್ತಿದ್ದುದು ಚಾಚಾನ ಗೊಗ್ಗರು ದನಿ. ಎಂಟು ತಿಂಗಳಿಂದ ಲೋಟ ಹಿಡಿಯದ ಬಲಗೈ, ಸುಣ್ಣದ ಬಿಲ್ಲೆ ಹಿಡಿದಂತೆ ಹೆಬ್ಬೆರಳು ತೋರುಬೆರಳು ಕೂಡಿಸಿಕೊಂಡು, ಹಾಸಿಗೆಯ ಮೇಲೆ ಗೆರೆ ಎಳೆಯುತ್ತಿತ್ತು. ಒಂದು ನೇರ ಗೆರೆ, ಅಂಗಿ ಕತ್ತರಿಸುವಾಗ ಕಂಕುಳ ಹತ್ತಿರ ಹಾಕುವಂಥ ಬಾಗು, ಮತ್ತೆ ನೇರ. ಮೂರು ಇಪ್ಪತ್ತೊಂದಕ್ಕೆ ಕೈ ಬಿತ್ತು. “ನೀರು ಕೊಡವ್ವ,” ಎಂದರು ಅಪ್ಪ, ಎಂದಿನ ದನಿಯಲ್ಲಿ. ಅವರಿಗೆ ಏನೂ ನೆನಪಿರಲಿಲ್ಲ.

ಇದನ್ನು ಬರೆದು ಮುಗಿಸುವಷ್ಟರಲ್ಲಿ ಗುತ್ತೂರಿನಿಂದ ಫೋನ್ ಬಂತು. ಮಗಳ ಮದುವೆಯ ಕುರ್ತಾಕ್ಕೆ ಗುರುತು ಹಾಕುತ್ತ ಕುಳಿತಿದ್ದ ಚಾಚಾ ಉಸಿರು ಸಾಲದೆ ಅಲ್ಲೇ ಒರಗಿದ್ದರಂತೆ. ಮೂರೂವರೆಯೊಳಗೆ ಎಲ್ಲ ಮುಗಿದಿತ್ತು.

ಅಪ್ಪನ ಸ್ನಾಯು ಅದುರಿದ್ದನ್ನು ನೀವು ನೋಡಿರಬೇಕು ಎಂದರು ಡಾಕ್ಟರು. ಅದುರುವುದು ನನಗೆ ಗೊತ್ತು, ಅದಕ್ಕೂ ದಿನಚರಿಯಲ್ಲಿ ಒಂದು ಕಾಲಂ ಇದೆ. ಇದು ಅದಲ್ಲ. ಏನೆಂದು ಇವತ್ತಿಗೂ ಹೇಳಲಾರೆ.

ನಿಕಾಹ್ ಆದ ಮೇಲೆ ಒಮ್ಮೆ ಶಬಾನಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. “ಆ ಹೊತ್ನಾಗೆ ನಾನು ಅಬ್ಬಾ ಹತ್ರ ಇರ್ಲಿಲ್ಲ ಅಕ್ಕಾ. ನಿಮ್ಮಪ್ಪನ ಮುಖ ಹೆಂಗಿತ್ತು? ಸಂಕಟ ಪಡ್ತಿದ್ರಾ?” ಎಂದಳು.

ನಾನು ದಿನಚರಿಯ ಆ ಪುಟ ತೆರೆದೆ. ಆ ಹನ್ನೊಂದು ನಿಮಿಷವೂ ನಾನು ಕೈ ನೋಡಿದೆ, ಗಡಿಯಾರ ನೋಡಿದೆ. ಅಪ್ಪನ ಮುಖದ ಕಡೆ ಒಮ್ಮೆಯೂ ನೋಡಿರಲಿಲ್ಲ.