ಮೂವರು ಬ್ರೋಕರುಗಳು, ಒಬ್ಬ ಸಾರ್

ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷ ನರ್ಸಾಗಿ ದುಡಿದು, ಇನ್ನು ಸಾಕು, ಊರಿಗೆ ಹೋಗೋಣ ಅಂತ ತೀರ್ಮಾನಿಸಿದಾಗ ನನ್ನ ಮುಂದೆ ಇದ್ದದ್ದು ಒಂದೇ ಪ್ರಶ್ನೆ. ಊರಿಗೆ ಸರಿ, ಯಾರ ಮನೆಗೆ? ನಾನು ಮದುವೆಯಾದವಳಲ್ಲ. ಅಪ್ಪ ಅಮ್ಮ ಹೋಗಿ ಬಹಳ ವರ್ಷವಾಯಿತು. ಮುಳಬಾಗಿಲು ತಾಲ್ಲೂಕಿನಲ್ಲಿ, ಆವನಿಯ ಪಕ್ಕದ ಹಳ್ಳಿಯಲ್ಲಿ ಅಣ್ಣ ಇದ್ದಾನೆ. ಟೊಮೇಟೊ ಬೆಳೆಯುತ್ತಾನೆ, ರೇಷ್ಮೆ ಹುಳು ಸಾಕುತ್ತಾನೆ. "ಮೇಲೆ ಒಂದು ರೂಮ್ ಎಬ್ಬಿಸಿಬಿಡ್ತೀನಿ, ಬಂದು ಇದ್ಬಿಡು ಕಣೇ" ಅಂತ ಪ್ರತಿ ವರ್ಷ ಹೇಳುತ್ತಿದ್ದ. ಬಾಯಿಮಾತಿಗಲ್ಲ, ಮನಸಾರೆ ಹೇಳುತ್ತಿದ್ದ. ನನಗೆ ಕಷ್ಟವಾಗಿದ್ದೇ ಅದು.

ಅಲ್ಲಿ ಇರಲು ನನಗೆ ಇಷ್ಟವಿರಲಿಲ್ಲ. ರಜೆಗೆ ಬಂದಾಗೆಲ್ಲ ನಡುಮನೆಯ ಗೋಡೆಗೆ ಸೂಟ್‌ಕೇಸ್ ಒರಗಿಸಿ, ಅದರ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದೆ. ರೇಷ್ಮೆ ಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಕೊನೆಯ ಸಲ ಪೊರೆ ಬಿಡುವ ಹಂತಕ್ಕೆ ಬಂದಿದ್ದರಂತೂ ಮನೆಯೆಲ್ಲ ಅವುಗಳದೇ ದರ್ಬಾರು. ವಾಸನೆಗೆ ಹುಳು ಸಾಯುತ್ತವೆ ಅಂತ ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಸೆಂಟು ಹಾಕುವಂತಿಲ್ಲ. ಒಮ್ಮೆ ಮಸ್ಕತ್ತಿನ ಅತ್ತರು ಪೂಸಿಕೊಂಡು ಬಂದಿದ್ದಕ್ಕೆ ಅಣ್ಣ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ಕೈಗೆ ಸೋಪು ಕೊಟ್ಟಿದ್ದ. ಅತ್ತಿಗೆ ಒಳ್ಳೆಯವಳು, ಒಂದು ದಿನ ಮುಖ ಗಂಟಿಕ್ಕಿದವಳಲ್ಲ. ಆದರೂ "ಅತ್ತಿಗೆ, ಒಂಚೂರು ಟೀ ಇಟ್ಕೊಳ್ಳಲಾ?" ಅಂತ ಐವತ್ತು ದಾಟಿದ ಹೆಂಗಸು ಕೇಳಿಕೊಂಡು ನಿಲ್ಲುವುದಿದೆಯಲ್ಲ, ಅದು ನನಗೆ ಬೇಡವಾಗಿತ್ತು. ಮಸ್ಕತ್ತಿನಲ್ಲೂ ಆಸ್ಪತ್ರೆಯ ಕ್ವಾರ್ಟರ್ಸು, ಹಂಚಿಕೊಂಡ ಅಡಿಗೆಮನೆ. ನನ್ನದು ಅನ್ನುವ ಬಾಗಿಲೊಂದು ನನಗೆ ಇದುವರೆಗೂ ಇರಲಿಲ್ಲ. ಕೆಲಸ ಬಿಡುವ ದಿನಕ್ಕೆ ಐದು ತಿಂಗಳಿತ್ತು. ಅಷ್ಟರಲ್ಲಿ ಮನೆ ಸಿಗದಿದ್ದರೆ ಸೂಟ್‌ಕೇಸಿನ ಸಮೇತ ಅದೇ ನಡುಮನೆಗೇ ಗತಿ.

ಅಣ್ಣನಿಗೆ ಹೇಳಿದರೆ ನೊಂದುಕೊಳ್ಳುತ್ತಾನೆ ಅಂತ ಹೇಳಲಿಲ್ಲ. ಆದ್ದರಿಂದ ಕೋಲಾರದಲ್ಲಿ ಮನೆ ನೋಡಲು ನನಗೆ ಬ್ರೋಕರುಗಳ ಕಣ್ಣುಗಳೇ ದಿಕ್ಕಾದವು. ಅವರಿವರಿಂದ ನಂಬರು ಇಸಿದುಕೊಂಡು ಮೂವರನ್ನು ಹಿಡಿದೆ. ಒಬ್ಬ ಕೋಲಾರದವನು, ಬೆಳಿಗ್ಗೆಯೆಲ್ಲ ಟೊಮೇಟೊ ಮಾರ್ಕೆಟ್ಟಿನ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ, ಮಧ್ಯಾಹ್ನದ ಮೇಲೆ ಮನೆ ಸೈಟು ನೋಡುತ್ತಿದ್ದ. ಎರಡನೆಯವನು ಶ್ರೀನಿವಾಸಪುರದವನು, ಮಾವಿನ ಕಾಲದಲ್ಲಿ ತೋಪು, ಮಿಕ್ಕ ಕಾಲದಲ್ಲಿ ಮನೆ. ಮೂರನೆಯವನು ಮಾಲೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಕ್ರಯಪತ್ರ ಬರೆಯುತ್ತಿದ್ದವನು. ಒಬ್ಬನ ವಿಷಯ ಇನ್ನೊಬ್ಬನಿಗೆ ಹೇಳಬಾರದು ಅನ್ನುವ ಜಾಣತನ ನನಗೆ ನಾನೇ ಕಲಿಸಿಕೊಂಡಿದ್ದೆ.

ಮಂಡಿಯವನು ಮೊದಲ ಫೋನಿನಲ್ಲೇ ಕೇಳಿದ.

"ಮೇಡಂ, ಸಾರ್ ಹತ್ರ ಒಂದ್ ಮಾತು ಮಾತಾಡ್ಬೋದಾ?"

ಯಾವ ಸಾರ್? ಸಾರ್ ಇಲ್ಲ ಅಂದರೆ ಇವನು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ ಅಂತ ಅವನ ದನಿಯಲ್ಲೇ ಗೊತ್ತಾಯಿತು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಬಾಯಲ್ಲಿ ಸುಳ್ಳು ಬಹಳ ಸಲೀಸಾಗಿ ಬರುತ್ತದೆ. "ಸಾರ್ ಡ್ಯೂಟಿಯಲ್ಲಿದ್ದಾರೆ, ನನ್ನ ಹತ್ರಾನೇ ಹೇಳಿ" ಅಂದುಬಿಟ್ಟೆ. ಹಾಗೆ ಹುಟ್ಟಿದ ಸಾರ್ ಆಮೇಲೆ ನನಗೆ ತುಂಬ ಉಪಕಾರ ಮಾಡಿದರು. ರೇಟು ಜಾಸ್ತಿಯಾಯಿತು ಅಂತ ನಾನು ಹೇಳಿದರೆ ಬ್ರೋಕರು ಅರ್ಧ ಗಂಟೆ ವಾದ ಮಾಡುತ್ತಿದ್ದ. "ಸಾರ್ ಒಪ್ತಿಲ್ಲ" ಅಂದರೆ ತಕ್ಷಣ ದನಿ ತಗ್ಗುತ್ತಿತ್ತು. ಮೂರು ವಾರದಲ್ಲಿ ಸಾರ್‌ಗೆ ಕತ್ತಲೆ ಅಡಿಗೆಮನೆ ಆಗುತ್ತಿರಲಿಲ್ಲ, ರಸ್ತೆಯ ಗದ್ದಲ ಆಗುತ್ತಿರಲಿಲ್ಲ, ಬಚ್ಚಲಲ್ಲಿ ಪಾಚಿ ಕಂಡರೆ ಅಂತೂ ಉರಿದು ಬೀಳುತ್ತಿದ್ದರು. ಮದುವೆಯಾಗದೆಯೇ ಗಂಡನ ಮೇಲೆ ತಪ್ಪು ಹೊರಿಸುವ ಸುಖ ಎಷ್ಟು ಜನಕ್ಕೆ ಸಿಗುತ್ತದೆ?

ಬ್ರೋಕರುಗಳು ವಿಡಿಯೋ ಕಳಿಸತೊಡಗಿದರು. ಮಂಡಿಯವನದು ಬಸ್ ಸ್ಟ್ಯಾಂಡಿಗೆ ಹತ್ತಿರದ ಮನೆ. ಅವನು ಮನೆಯೊಳಗೆ ಕಾಲಿಡದೆ ಹೊರಗಿನ ಮೆಟ್ಟಿಲು ಹತ್ತಿ ಸೀದಾ ತಾರಸಿಗೇ ಹೋದ. ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಫೋನು ಇಳಿಬಿಟ್ಟು ನೀರು ತೋರಿಸಿದ. ಆಮೇಲೆ ಬೆಟ್ಟ ತೋರಿಸಿದ. "ನೀರೊಂದು ಇದ್ರೆ ಮಿಕ್ಕಿದ್ದೆಲ್ಲ ಆಗೋಗುತ್ತೆ ಮೇಡಂ" ಅಂದ. ನೀರಿಗೆ ಬರವಿರುವ ಕೋಲಾರದವನಲ್ಲವೇ, ಅವನ ಮಟ್ಟಿಗೆ ಟ್ಯಾಂಕೇ ಮನೆ. ಶ್ರೀನಿವಾಸಪುರದವನದು ಕಾಲೇಜಿನ ಹಿಂದಿನ ಮನೆ. ಹೆಂಗಸರಿಗೆ ಬೇಕಾದ್ದು ಅಡಿಗೆಮನೆ ಅಂತ ಅವನ ನಂಬಿಕೆ. ಹಿತ್ತಲಿನ ಬಾಗಿಲಿಂದ ನುಗ್ಗಿ, ಒಲೆ ಕಟ್ಟೆ, ಗೂಡು, ಹಿತ್ತಲಿನ ಕರಿಬೇವಿನ ಗಿಡ ಇಷ್ಟನ್ನೇ ಎರಡು ಸಲ ತೋರಿಸಿ, "ಮೀರು ಟೆನ್ಶನ್ ತಗೋಬೇಡಿ ಮೇಡಂ, ಏಮೀ ಪರವಾಲೇದು" ಅಂತ ತೆಲುಗು ಕನ್ನಡ ಕಲಸಿ ಧೈರ್ಯ ಹೇಳಿದ. ಮಾಲೂರಿನವನದು ಬೆಂಗಳೂರು ರಸ್ತೆ ಕಡೆಯ ಮನೆ. ಅವನು ಗೇಟು, ಮುಂಬಾಗಿಲು, ದೇವರ ಕೋಣೆ ಇಷ್ಟು ತೋರಿಸಿದ. ಅದರಲ್ಲೂ ಅರ್ಧ ಹೊತ್ತು ಕ್ಯಾಮೆರಾ ತಿರುವಿ ಹಿಡಿದು ತನ್ನ ಮುಖವನ್ನೇ ತೋರಿಸಿದ.

ಟೀ ಬ್ರೇಕಿನಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಆ ಮೂರು ಮನೆಗಳನ್ನೂ ತೂಗಿ ನೋಡಿದೆ. ತಾರಸಿ ಅಂದರೆ ಬಸ್ ಸ್ಟ್ಯಾಂಡ್ ಮನೆಯದು. ಅಡಿಗೆಮನೆ ಕಾಲೇಜಿನ ಹಿಂದಿನದು. ಆದರೆ ಮನಸ್ಸು ನಿಂತದ್ದು ಬೆಂಗಳೂರು ರಸ್ತೆ ಮನೆಯ ಮುಂಬಾಗಿಲಿನ ಮೇಲೆ. ಹಳೆಯ ಹಲಸಿನ ಮರದ ಬಾಗಿಲು, ಅಗಲವಾದ ಹೊಸ್ತಿಲು. ಮಂಡಿಯವನಿಗೆ ಫೋನು ಮಾಡಿ, ನಮಗೆ ಇದಕ್ಕಿಂತ ಒಳ್ಳೆಯ ಮನೆ ಸಿಕ್ಕಿದೆ ಅಂದೆ. ಶ್ರೀನಿವಾಸಪುರದವನಿಗೆ, ಸಾರ್ ಇನ್ನೊಂದು ಕಡೆ ತಾರಸಿ ನೋಡಿ ಮೆಚ್ಚಿದ್ದಾರೆ, ನಿಮ್ಮ ಮನೆಯಲ್ಲಿ ಅಂಥದ್ದಿಲ್ಲ ಅಂದೆ. ಮಾಲೂರಿನವನಿಗೆ, ಓನರ್ ಹತ್ತಿರ ಮಾತಾಡಿ ಅಂದೆ. ಅದು ಕೈತಪ್ಪಿದರೆ ಇರಲಿ ಅಂತ ಮಿಕ್ಕ ಇಬ್ಬರಿಗೂ, ಯಾವುದಕ್ಕೂ ಓನರನ್ನು ಒಂದು ಮಾತು ಕೇಳಿಡಿ ಅಂದಿದ್ದೆ.

ನಾಲ್ಕೇ ದಿನಕ್ಕೆ ಮೂವರೂ ಒಬ್ಬರ ಹಿಂದೆ ಒಬ್ಬರು ಫೋನು ಮಾಡಿದರು. ಮೂವರದೂ ಒಂದೇ ಮಾತು. "ಮೇಡಂ, ರೇಟ್ ಏರ್ಸಿಬಿಟ್ಟಿದಾರೆ. ಬೇರೆ ಫಾರಿನ್ ಪಾರ್ಟಿ ಬಿದ್ದಿದಾರೆ ಇದರ ಮೇಲೆ."

ನನಗೆ ತಲೆ ಕೆಟ್ಟಿತು. ಕೋಲಾರದ ಮನೆಗಳ ಮೇಲೆ ಪರದೇಶದಿಂದ ಬೀಳುವಂಥವರು ನಾನಲ್ಲದೆ ಇನ್ಯಾರು? ಮಾಲೂರಿನವನನ್ನು ಕೆದಕಿದೆ. ದುಬೈಯ ಒಬ್ಬ ಹೆಂಗಸಂತೆ. ಅಷ್ಟು ಸಾಕಾಯಿತು. ಕೈ ತುಂಬ ಬಳೆ ಹಾಕಿಕೊಂಡು ಎಸಿಯಲ್ಲಿ ಕೂತು ನನ್ನ ಬಾಗಿಲನ್ನು ಕಿತ್ತುಕೊಳ್ಳಲು ಹೊಂಚುತ್ತಿರುವ ಅವಳನ್ನು ನೆನೆದು ಹೊಟ್ಟೆ ಉರಿಸಿಕೊಂಡೆ. ಯಾವುದಾದರೂ ಒಂದು ಉಳಿಯಲಿ ಅಂತ, ಸಾರ್ ಒಪ್ಪಿದ್ದಾರೆ ಅಂದು ಮೂವರ ಹತ್ತಿರವೂ ನಾನು ರೇಟು ಏರಿಸಿದೆ. ಅವಳೂ ಏರಿಸಿದಳು. ಕೆಲಸ ಬಿಡಲು ಎರಡೂವರೆ ತಿಂಗಳು ಉಳಿದಿತ್ತು. ಮನೆ ಕೈಜಾರುತ್ತಿತ್ತು, ನಿದ್ದೆ ಹಾಳಾಗಿತ್ತು.

ಅಷ್ಟರಲ್ಲಿ ಅಣ್ಣನ ಫೋನು ಬಂತು. ಅವನು ಯಾವಾಗಲೂ ಮಳೆ, ಬೆಳೆ, ಹುಳು ಅಂತ ಶುರು ಮಾಡುವವನು. ಅವತ್ತು ಹಾಗಲ್ಲ.

"ಏನೇ, ಸಾರ್ ಯಾರು?"

ನಡೆದದ್ದು ಇಷ್ಟು. ಅಣ್ಣ ಟೊಮೇಟೊ ತೆಗೆದುಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೋಗಿದ್ದ. ಅವನು ಮಾಲು ಹಾಕುವುದು ಅದೇ ಬ್ರೋಕರಿನ ಮಂಡಿಗೆ. ಟೀ ಕುಡಿಯುತ್ತ ಮಂಡಿಯವನು, "ನಿಮ್ಮ ಆವನಿ ಕಡೆಯವ್ರೇ ಅಣ್ಣ, ಮಸ್ಕತ್‌ನಲ್ಲಿ ನರ್ಸು. ಮೇಡಂ ಬಂಗಾರದಂಥವ್ರು, ಆದ್ರೆ ಅವ್ರ ಸಾರ್ ಭಾರಿ ಕಿರಿಕ್ಕು" ಅಂದಿದ್ದಾನೆ. ಆವನಿ ಕಡೆಯ ಮಸ್ಕತ್ತಿನ ನರ್ಸುಗಳು ಎಷ್ಟು ಜನ ಇದ್ದೇವೆ? ಸಮುದ್ರದಾಚೆ ಕೂತು ಮೂರು ತಾಲ್ಲೂಕಿನ ಬ್ರೋಕರುಗಳನ್ನು ಹಿಡಿದು ಗುಟ್ಟು ಮಾಡಿದವಳು ಟೊಮೇಟೊ ಮಾರ್ಕೆಟ್ಟನ್ನು ಮರೆತಿದ್ದೆ.

ಮನೆ ಹುಡುಕುತ್ತಿದ್ದೇನೆ, ಮೂವರು ಬ್ರೋಕರುಗಳಿದ್ದಾರೆ, ಸಾರ್ ಇಲ್ಲ, ಅದು ಅವರಿಗೆ ಹೇಳಿದ ಸುಳ್ಳು ಅಂತ ಎಲ್ಲ ಬಾಯಿಬಿಟ್ಟೆ. ಅವನು ನಗಲಿಲ್ಲ.

"ಮದ್ವೆ ಆಗಿದ್ರೂ ನಂಗೆ ಬೇಜಾರಿರ್ಲಿಲ್ಲ" ಅಂದ. "ನನ್ನ ಮನೇಲಿ ನಿಂಗೆ ಏನೇ ಕಮ್ಮಿ ಮಾಡಿದ್ದೆ?"

"ಏನೂ ಕಮ್ಮಿ ಮಾಡಿಲ್ಲಣ್ಣ. ಅದು ನಿನ್ನ ಮನೆ, ಅಷ್ಟೇ."

ಅವನು ಫೋನು ಇಟ್ಟುಬಿಟ್ಟ. ನಾನು ಡ್ರೆಸ್ಸಿಂಗ್ ರೂಮಿನ ಮೂಲೆಯಲ್ಲಿ ನಿಂತು ಅತ್ತೆ. ಹೇಳಬಾರದ್ದನ್ನು ಹೇಳಿದೆ ಅನ್ನಿಸಿತು, ಹೇಳದೆ ಇರಲೂ ಆಗುತ್ತಿರಲಿಲ್ಲ. ಮಾರನೆಯ ದಿನವೂ ಅವನ ಸುದ್ದಿಯಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಣ್ಣನಿಂದ ವಿಡಿಯೋ ಕಾಲ್ ಬಂತು. ಮಂಡಿಯವನನ್ನು ಕರೆದುಕೊಂಡು ಆ ಬಸ್ ಸ್ಟ್ಯಾಂಡ್ ಮನೆಗೆ ಹೋಗಿದ್ದ. "ನೋಡು" ಅಂದ, ಅಷ್ಟೇ. ಅಣ್ಣನಿಗೆ ಬ್ರೋಕರುಗಳ ಹಾಗೆ ವಿಡಿಯೋ ಮಾಡಲು ಬರುವುದಿಲ್ಲ. ಫೋನನ್ನು ಎದೆಗೆ ಹಿಡಿದುಕೊಂಡು ಗೇಟಿನಿಂದ ಹೊರಟು ಎಲ್ಲೂ ನಿಲ್ಲದೆ ನಡೆದ. ಗೇಟು ಕಂಡಿತು. ಆಮೇಲೆ ಹಲಸಿನ ಬಾಗಿಲು, ಆ ಅಗಲದ ಹೊಸ್ತಿಲು. ಇದೇನು, ಇದು ಬೆಂಗಳೂರು ರಸ್ತೆ ಮನೆಯಲ್ಲವಾ ಅಂದುಕೊಳ್ಳುವಷ್ಟರಲ್ಲಿ ಕಾಲೇಜಿನ ಹಿಂದಿನ ಮನೆಯ ಒಲೆ ಕಟ್ಟೆ ಬಂತು, ಹಿತ್ತಲಲ್ಲಿ ಅದೇ ಕರಿಬೇವು. ಅಲ್ಲಿಂದ ಮೆಟ್ಟಿಲು, ತಾರಸಿ, ಟ್ಯಾಂಕು, ಬೆಟ್ಟ.

"ಅಣ್ಣ, ನಿಂತ್ಕೋ" ಅಂದೆ. "ಮೂರೂ ಒಂದೇ ಮನೆ."

ಮನೆಯ ಓನರು ಇನ್ನೂ ಅಲ್ಲೇ ಇದ್ದ, ರಿಟೈರಾದ ಹೆಡ್‌ಮಿಸ್ಟ್ರೆಸ್ಸು. ಮಾಲೂರಿನಲ್ಲಿದ್ದ ತಂಗಿಯ ಪಕ್ಕದ ಮನೆ ಖಾಲಿಯಾಗಿದೆ ಅಂತ ಖುಷಿಯಿಂದ ಅಲ್ಲಿಗೆ ಹೊರಟಿದ್ದವರು. ಊರಿನ ಪದ್ಧತಿಯಂತೆ ಸಿಕ್ಕಿದವರಿಗೆಲ್ಲ, ಮನೆ ಕೊಡ್ತೀನಿ, ಯಾರಾದ್ರೂ ಇದ್ರೆ ಹೇಳಿ ಅಂದಿದ್ದರು. ಮೂವರು ಬ್ರೋಕರುಗಳೂ ತಂತಮ್ಮ ಗುರುತಿಗೆ ಬೇಕಾದ ಜಾಗದ ಹೆಸರು ಹೇಳಿ ಅದೇ ಮನೆಯನ್ನು ನನಗೆ ತೋರಿಸಿದ್ದರು. ಮಂಡಿಯವನಿಗೆ ನಾನು ಮಸ್ಕತ್ ಮೇಡಂ. ಶ್ರೀನಿವಾಸಪುರದವನಿಗೆ ಸಮುದ್ರದಾಚೆಯದೆಲ್ಲ ದುಬೈ, ಹಾಗಾಗಿ ನಾನು ದುಬೈ ಮೇಡಂ. ಮಾಲೂರಿನವನಿಗೆ ಬರೀ ಫಾರಿನ್ ಮೇಡಂ. ನಾಲ್ಕು ದಿನದಲ್ಲಿ ಮೂರು ಜನ ಪರದೇಶದ ಹೆಂಗಸರು ತಮ್ಮ ಮನೆಗೆ ಮುಗಿಬಿದ್ದಿದ್ದು ನೋಡಿ ಹೆಡ್‌ಮಿಸ್ಟ್ರೆಸ್ಸು ರೇಟು ಏರಿಸದೆ ಇನ್ನೇನು ಮಾಡಿಯಾರು? ಬಳೆ ಹಾಕಿಕೊಂಡ ಆ ದುಬೈ ಹೆಂಗಸಿಗೆ ನಾನು ಹಾಕಿದ ಶಾಪಗಳನ್ನೆಲ್ಲ ಒಂದೊಂದಾಗಿ ವಾಪಸು ತೆಗೆದುಕೊಂಡೆ.

ಅಣ್ಣ ಅವರ ಎದುರು ಕುರ್ಚಿಯಲ್ಲಿ ಕೂತು, ಮೂವರು ಮೇಡಂಗಳೂ ಒಬ್ಬಳೇ ಅಂತ ಬಿಡಿಸಿ ಹೇಳಿದ. ಫೋನು ಅವನ ತೊಡೆಯ ಮೇಲಿತ್ತು, ನನಗೆ ಕಾಣುತ್ತಿದ್ದದ್ದು ಫ್ಯಾನು ಮಾತ್ರ. ಕೇಳಿಸಿತು, ಹೆಡ್‌ಮಿಸ್ಟ್ರೆಸ್ಸು ಕೆಮ್ಮು ಬರುವಷ್ಟು ನಕ್ಕರು. "ಒಬ್ಳೇ ಹುಡುಗಿ ಮೂರು ಸಲ ಹಾಜರಿ ಹೇಳಿದಾಳೆ, ನಾನೂ ಹಾಕ್ಕೊಂಡಿದೀನಿ" ಅಂದರು. ಮೊದಲು ಹೇಳಿದ ರೇಟಿಗೇ ಕೊಡ್ತೀನಿ ಅಂದರು. ಆಮೇಲೆ ಒಂದು ಅನುಮಾನ ಬಂತು ಅವರಿಗೆ.

"ಅವ್ರ ಯಜಮಾನ್ರಿಗೆ ಒಪ್ಗೆಯಾ? ಅವ್ರು ಎಲ್ಲದಕ್ಕೂ ಬೇಡ ಅಂತಾರಂತೆ."

ಸಾರ್ ಇಲ್ಲ ಅನ್ನುವುದು ಗೊತ್ತಿಲ್ಲದ ಬ್ರೋಕರ್ ಪಕ್ಕದಲ್ಲೇ ನಿಂತಿದ್ದ. ನಾನು ಫ್ಯಾನನ್ನೇ ನೋಡುತ್ತಿದ್ದೆ.

"ಮನೆ ನನ್ನ ತಂಗಿದು ಮೇಡಂ" ಅಂದ ಅಣ್ಣ. "ಅವಳಿಗೆ ಒಪ್ಗೆ ಆದ್ರೆ ಮುಗೀತು."

ಅವನಿಗೆ ನೋವಾಗಿತ್ತು, ಅದು ಆ ದನಿಯಲ್ಲೇ ಇತ್ತು. ಆದರೂ ಹೇಳಿದ. ಆ ಮಾತಿಗೆ ನಾನು ಅವನಿಗೆ ಇವತ್ತಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ. ನಮ್ಮ ಮನೆಯಲ್ಲಿ ಅಂಥದ್ದನ್ನೆಲ್ಲ ಹೇಳುವ ಅಭ್ಯಾಸವಿಲ್ಲ.

ಮೂವರು ಬ್ರೋಕರುಗಳ ಕಮಿಷನ್ ಜಗಳವನ್ನೂ ಅವನೇ ಹರಿಸಿದ. ಕೆಲಸ ಬಿಟ್ಟು ನಾನು ಕೋಲಾರಕ್ಕೆ ಬಂದು, ರಿಜಿಸ್ಟ್ರೇಷನ್ ಮುಗಿಸಿ, ಸೂಟ್‌ಕೇಸುಗಳನ್ನು ನೇರ ಇಲ್ಲಿಗೇ ತಂದೆ. ಮೊದಲ ಭಾನುವಾರ ಬೆಳಿಗ್ಗೆ ಗೇಟು ಸದ್ದಾಯಿತು. ಅಣ್ಣ ಒಂದು ಚೀಲ ಸೊಪ್ಪು, ಅವರೆಕಾಯಿ ಹೊತ್ತು ಬಂದಿದ್ದ. ನೆಂಟರ ಮನೆಯಿರಲಿ, ಗೆಳೆಯರ ಮನೆಯಿರಲಿ, ಗೇಟಿನಿಂದಲೇ ಮಾತಾಡಿಕೊಂಡು ನೇರ ಅಡಿಗೆಮನೆಗೆ ನುಗ್ಗುವ ಮನುಷ್ಯ ಅವನು. ನಾನು ಕೈ ಒರೆಸಿಕೊಂಡು ಹೊರಗೆ ಬಂದು ನೋಡಿದರೆ, ಚಪ್ಪಲಿ ಬಿಟ್ಟು, ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೊಸ್ತಿಲಿನ ಹೊರಗೇ ನಿಂತಿದ್ದ. ಯಾಕೆ ನಿಂತಿದ್ದಾನೆ ಅಂತ ಒಂದು ಕ್ಷಣ ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ನಾನು ಕರೆಯಲಿ ಅಂತ ಕಾಯುತ್ತಿದ್ದಾನೆ.

"ಒಳಗೆ ಬಾರಣ್ಣ" ಅಂದೆ.