ಅತ್ತಿಗೆಯ ಗುರುವಾರ

ನಮ್ಮ ಫೆಸ್ ಪಟ್ಟಣದಲ್ಲಿ ಹೆಂಗಸೊಬ್ಬಳು ನೆಮ್ಮದಿಯಾಗಿ ಅಳುವುದಕ್ಕೂ ಜಾಗವಿಲ್ಲ. ಸುಮ್ಮನೆ ಹೇಳುತ್ತಿಲ್ಲ, ನನ್ನ ಅತ್ತಿಗೆ ತಾಮೂಳ ಪಾಡು ಕೇಳಿ.

ಅಣ್ಣ ಅಲ್ಲಾಲ್ ತೀರಿಕೊಂಡಾಗ ಪದ್ಧತಿಯಂತೆ ನಾಲ್ಕು ತಿಂಗಳು ಹತ್ತು ದಿನ ಬಿಳಿ ಬಟ್ಟೆಯುಟ್ಟು ಮನೆಯಲ್ಲೇ ಕೂತಳು. ಕೂತಳು ಅನ್ನುವುದು ಬರೀ ಮಾತಿಗೆ. ಸಮಾಧಾನ ಹೇಳಲು ಬಂದವರಿಗೆಲ್ಲ ಪುದೀನ ಚಹಾ ಕಾಯಿಸಿದ್ದು ಅವಳೇ, ಅವರ ಕಣ್ಣೊರೆಸಿದ್ದೂ ಅವಳೇ. ಅವಳ ಕಣ್ಣು ಮಾತ್ರ ಒಣಗಿಯೇ ಇತ್ತು. "ಗಟ್ಟಿಗಿತ್ತಿ" ಎಂದು ಓಣಿಯೆಲ್ಲ ಹೊಗಳಿತು. ನನಗೆ ಮೈಯೆಲ್ಲ ಉರಿಯಿತು.

ಬಿಳಿ ಬಟ್ಟೆ ತೆಗೆದಿಟ್ಟ ಮೇಲೆ ಗುರುವಾರ ಗುರುವಾರ ಸೂಫಿ ಸಂತರ ಝಾವಿಯಾಕ್ಕೆ, ಅಂದರೆ ದರ್ಗಾಕ್ಕೆ, ಹೋಗತೊಡಗಿದಳು. ಅಲ್ಲಿ ಸಂತರ ಗೋರಿಯ ಪಕ್ಕದಲ್ಲಿ ಹೆಂಗಸರಿಗೆಂದು ಸಣ್ಣದೊಂದು ಕೋಣೆಯಿದೆ. ಅಲ್ಲಿಯ ಗುರುಗಳು ಅವಳಿಗೊಂದು ಜಪ ಹೇಳಿಕೊಟ್ಟಿದ್ದರು.

"ಮಣಿ ಅರ್ಧ ಸುತ್ತು ಬರೋ ಹೊತ್ತಿಗೆ ಎದೆ ಮೇಲಿನ ಕಲ್ಲು ಅಲ್ಲಾಡತ್ತೆ ಕಣೇ," ಅಂದಳು ಒಮ್ಮೆ. "ಪೂರ್ತಿ ಸುತ್ತು ಬಂದ್ರೆ ಅತ್ತುಬಿಡ್ತೀನಿ ಅನ್ಸತ್ತೆ."

ಆ ಪೂರ್ತಿ ಸುತ್ತು ಬರಲೇ ಇಲ್ಲ. ಒಂದು ಗುರುವಾರ ಪಕ್ಕದ ಓಣಿಯ ಹಾದ್ದಾ ಜಪದ ನಡುವೆ ಬಂದು, ಮಗಳಿಗೆ ಗಂಡು ಸಿಗುತ್ತಿಲ್ಲವೆಂದು ಗೋಳಾಡಿದಳು. ತೊಲಗಿದರೆ ಸಾಕೆಂದು ತಾಮೂ ಕೈಯೆತ್ತಿ "ಆಮೀನ್" ಅಂದುಬಿಟ್ಟಳು. ವಾರ ಕಳೆಯುವುದರಲ್ಲಿ ಆ ಹುಡುಗಿಗೆ ಸಂಬಂಧ ಕುದುರಿತು! ಮುಗಿಯಿತಲ್ಲ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿದರು. ಮಕ್ಕಳಿಲ್ಲದವಳು, ಮಂಡಿನೋವಿನವಳು, ಸೊಸೆ ಕಾಟದವಳು, ಎಲ್ಲರೂ ಅವಳ ತೋಳು ಹಿಡಿದು ಎಳೆಯುವವರೇ. ಅಷ್ಟು ದೊಡ್ಡ ಸಂತರು ಪಕ್ಕದಲ್ಲೇ ಮಲಗಿದ್ದಾರೆ, ಅವರನ್ನು ಕೇಳಬಾರದೇ?

ಕೊನೆಗೆ ಅವಳಿಗೂ ರೇಗಿತು. "ನಾನೇನು ದೇವರ ಮನೆ ಬಾಗಿಲು ಕಾಯೋಳಾ? ನೀವೇ ಕೇಳ್ಕೊಳ್ರೇ! ನಿಮ್ಮ ಗಂಟಲೇನು ಬಿದ್ದುಹೋಗಿದ್ಯಾ?"

"ಆಮೀನ್!" ಅಂದರು ಹೆಂಗಸರು ಒಟ್ಟಿಗೆ. ಒಬ್ಬಳು ಅವಳ ಕೈಗೆ ಮುತ್ತಿಟ್ಟು, "ದೊಡ್ಡವರ ಸಿಟ್ಟೂ ಆಶೀರ್ವಾದವೇ, ಲಲ್ಲಾ" ಅಂದಳು. ಅತ್ತಿಗೆ ಈಗ ಅವರಿಗೆಲ್ಲ ಲಲ್ಲಾ, ಅಂದರೆ ಅಮ್ಮಾವ್ರು!

ಮನೆಗೆ ಬಂದವಳೇ ಜಪಮಣಿಯನ್ನು ನನ್ನ ಮಡಿಲಿಗೆ ಹಾಕಿದಳು. "ಇನ್ನು ಹೋಗಲ್ಲ ಕಣೇ. ಅಲ್ಲೂ ನಾನು ಚಹಾ ಹಂಚೋಳೇ."

ಮುಂದಿನ ಗುರುವಾರ ಅವಳನ್ನು ದರದರ ಎಳೆದುಕೊಂಡು ಹೋಗಿ, ಜಪಮಣಿಯನ್ನು ಮತ್ತೆ ಕೈಗಿಟ್ಟು, ಆ ಕೋಣೆಯೊಳಗೆ ತಳ್ಳಿ, ಬಾಗಿಲೆಳೆದು, ಅದಕ್ಕೆ ಬೆನ್ನು ಕೊಟ್ಟು ಕೂತೆ.

ಮೊದಲು ಬಂದವಳು ಹಾದ್ದಾಳೇ. "ಲಲ್ಲಾ ತಾಮೂ ಇದ್ದಾರಾ? ಅಳಿಯಂದು ಒಂದು ತಾಪತ್ರಯ."

"ಇಲ್ಲ."

"ಅವರ ಚಪ್ಪಲಿ ಇಲ್ಲೇ ಇದ್ಯಲ್ಲೇ!"

"ಅದು ನಂದು."

"ಮತ್ತೆ ನಿನ್ನ ಕಾಲಲ್ಲಿರೋದು?"

"ಅದೂ ನಂದೇ. ನಿಂಗೇನು ಕಷ್ಟ?"

ಸಂತರ ಹೊಸ್ತಿಲಲ್ಲಿ ಕೂತು ಸುಳ್ಳು ಹೇಳಿದೆ. ಪಾಪ ಬಂದರೆ ಬರಲಿ. ಹಾದ್ದಾ ಜಗ್ಗಲಿಲ್ಲ, ಎದುರಿಗೇ ಕುಕ್ಕರಿಸಿದಳು. ಬಹಳ ಹೊತ್ತು ಒಳಗೆ ಮಣಿಗಳ ಸದ್ದೊಂದೇ. ಆಮೇಲೆ ಅದೂ ನಿಂತಿತು. ಇದ್ದಕ್ಕಿದ್ದಂತೆ ಒಳಗಿನಿಂದ ಕರುಳು ಕಿತ್ತು ಬರುವಂಥ ಅಳು ಕೇಳಿತು.

ಹಾದ್ದಾ ಬೆಚ್ಚಿದಳು. "ಯಾರೇ ಅದು?"

"ಯಾರೋ ಗಂಡ ಸತ್ತವಳು," ಅಂದೆ. "ಈಗ ತಾನೇ ಗೊತ್ತಾಗಿದೆ."

"ಅಯ್ಯೋ ಪಾಪ. ಲಲ್ಲಾ ತಾಮೂ ಇದ್ದಿದ್ರೆ ಸಮಾಧಾನ ಹೇಳೋರು."

ನಾನು ಬಾಗಿಲಿಗೆ ಬೆನ್ನನ್ನು ಇನ್ನಷ್ಟು ಒತ್ತಿ ಕೂತೆ.